ಶ್ರುತಿ ತಪ್ಪಿದರೂ ನಡೆಯುವ ಹಾಡು

ಬೆಳ್ಳಾವಿಯಲ್ಲೊಂದು ಮದುವೆಯ ಆರತಕ್ಷತೆ. ಹುಡುಗನ ಸೋದರಮಾವ ಆರ್ಕೆಸ್ಟ್ರಾದವರಿಂದ ಮೈಕ್ ಇಸಿದುಕೊಂಡು 'ಜೊತೆಯಲಿ ಜೊತೆ ಜೊತೆಯಲಿ' ಶುರು ಮಾಡಿದರು. ಕೊಬ್ಬರಿ ವ್ಯಾಪಾರದ ಮನುಷ್ಯ. ಶ್ರುತಿಗೂ ಅವರಿಗೂ ಮಾತುಕತೆ ಇಲ್ಲ. ಚರಣದ ಹೊತ್ತಿಗೆ ಕೀಬೋರ್ಡಿನದೊಂದು ದಾರಿ, ಅವರದೊಂದು ದಾರಿ. ರಿದಂ ಪ್ಯಾಡಿನ ಹುಡುಗ ಮಾತ್ರ ತಲೆಯೆತ್ತದೆ ಬಾರಿಸುತ್ತಿದ್ದ. ಪಲ್ಲವಿಗೆ ಮರಳುವಷ್ಟರಲ್ಲಿ ಅರ್ಧ ಛತ್ರ ಅವರೊಂದಿಗೆ ಹಾಡುತ್ತಿತ್ತು.

ಈ ಹಾಡಿನ ಚಿತ್ರ 'ಗೀತಾ' ಬಂದದ್ದು 1981ರಲ್ಲಿ. ಚಿ. ಉದಯಶಂಕರ್ ಸಾಹಿತ್ಯ, ಇಳಯರಾಜ ಸಂಗೀತ, ಎಸ್‌ಪಿಬಿ ಮತ್ತು ಎಸ್. ಜಾನಕಿ ದನಿ. ಇಂಥ ಪ್ರೇಮಗೀತೆ ಇಷ್ಟು ಕಾಲ ಬಾಳುವುದೇಕೆ? ಪ್ರೀತಿ ಚಿರಂತನ, ಅದಕ್ಕೇ ಎನ್ನುವವರಿದ್ದಾರೆ. ಹಾಗಿದ್ದರೆ ಶುಕ್ರವಾರ ಶುಕ್ರವಾರ ಬರುವ ಪ್ರೇಮಗೀತೆಗಳೆಲ್ಲ ಬದುಕಬೇಕಿತ್ತು. ಮುಕ್ಕಾಲು ಪಾಲು ಸೋಮವಾರಕ್ಕೇ ಸಾಯುತ್ತವೆ. ಚಿತ್ರದ ನಾಯಕ ಶಂಕರ್‌ನಾಗ್ ನೆನಪು ಎಂಬುದು ಇನ್ನೊಂದು ಉತ್ತರ. ಅವರು 1990ರಲ್ಲಿ, 35ನೇ ವಯಸ್ಸಿಗೇ ಹೋದರು; ಆಟೋಗಳ ಬೆನ್ನ ಮೇಲೆ ಈಗಲೂ ಇದ್ದಾರೆ. ಆದರೆ ಅವರು ಹೋದ ಮೇಲೆ ಹುಟ್ಟಿದ ಹುಡುಗಿಯರೂ ಆ ಛತ್ರದಲ್ಲಿ ಹಾಡುತ್ತಿದ್ದರಲ್ಲ?

ನನಗನ್ನಿಸುವುದು ಬೇರೆ. ಹಾಡಲು ಬಾರದವರನ್ನೂ ಒಳಗೆ ಬಿಟ್ಟುಕೊಳ್ಳುವ ಹಾಡು ಉಳಿಯುತ್ತದೆ.

ಇದೇ ಊರಿನ ಹೆಸರು ಹೊತ್ತ ಬೆಳ್ಳಾವಿ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ನಾಟಕ, ಹಾಡು ಬರೆದವರು. 1934ರ 'ಸತಿ ಸುಲೋಚನ' ಚಿತ್ರಕ್ಕೂ ಹಾಡು ಬರೆದವರು. ಆ ಕಾಲದ ರಂಗಗೀತೆಗೆ ರಾಗ ಬಲ್ಲ ನಟ ಬೇಕು, ಕೊನೆಯ ಸಾಲಿಗೆ ಮುಟ್ಟುವ ಕಂಠ ಬೇಕು. ಪ್ರೇಕ್ಷಕರ ಪಾಲಿಗೆ 'ಒನ್ಸ್ ಮೋರ್' ಎಂಬ ಕೂಗು ಮಾತ್ರ. ಗಿಟಾರು, ಡ್ರಮ್ಮು ಬಂದ ಮೇಲೆ ಆ ಪಾಲು ಹಿಗ್ಗಿತು. ಸುತ್ತಿ ಸುತ್ತಿ ಬರುವ ನಾಲ್ಕು ಕಾರ್ಡು, ಬಿಡದೆ ನಡೆಯುವ ಬೀಟು: ಭಜನೆಮನೆಯಲ್ಲಿ ತಾಳ ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ, ದಾರಿ ತಪ್ಪಿದವನನ್ನು ಕೈಹಿಡಿದು ಪಲ್ಲವಿಗೆ ತಂದು ಬಿಡುತ್ತವೆ.

2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ ಮೆಟಾಲಿಕಾ ತಂಡದ 'ನಥಿಂಗ್ ಎಲ್ಸ್ ಮ್ಯಾಟರ್ಸ್' ಕೂಡ ಇದಕ್ಕೆ ಸಾಕ್ಷಿ. ತಂಡದ ಗಾಯಕ ಹೆಟ್‌ಫೀಲ್ಡ್ ಗೆಳತಿಯೊಡನೆ ಫೋನಿನಲ್ಲಿ ಮಾತಾಡುತ್ತ ಬಿಡುವಿದ್ದ ಒಂದೇ ಕೈಯಲ್ಲಿ ತಂತಿ ಮೀಟಿದಾಗ ಅದರ ಆರಂಭ ಹುಟ್ಟಿತಂತೆ. ಎಡಗೈ ಒತ್ತದೆಯೇ ಮೊದಲ ಸ್ವರಗಳು ಬರುತ್ತವೆ; ನಿನ್ನೆ ಗಿಟಾರ್ ಕೊಂಡವನೂ ಅಷ್ಟನ್ನು ನುಡಿಸಬಲ್ಲ.

ಸುಲಭದ ಹಾಡು ಬೇಕಾದಷ್ಟಿವೆ, ಅವೇಕೆ ಉಳಿಯಲಿಲ್ಲ ಎಂದು ಕೇಳಬಹುದು. ನ್ಯಾಯವೇ. ಬಾಗಿಲು ತಗ್ಗಿದ್ದರೆ ಸಾಲದು, ಒಳಗೆ ಅಟ್ಟವೂ ಇರಬೇಕು. ಎಸ್‌ಪಿಬಿ, ಜಾನಕಿ ಹತ್ತಿದಲ್ಲಿಗೆ ನಾವ್ಯಾರೂ ಹತ್ತಲಾರೆವು. ಸೋದರಮಾವ ಹಾಡುವಾಗ ನಮ್ಮ ಕಿವಿಯಲ್ಲಿ ಎರಡು ಹಾಡು ಒಟ್ಟಿಗೆ ನಡೆಯುತ್ತಿದ್ದವು: ಅವರದು, ಅದರ ಹಿಂದೆ ಎಸ್‌ಪಿಬಿಯದು. ಅವರು ತಪ್ಪಿದ ಜಾಗವನ್ನೆಲ್ಲ ನಾವೇ ತುಂಬಿಕೊಳ್ಳುತ್ತಿದ್ದೆವು.

ಎರಡನೇ ಚರಣಕ್ಕೆ ಅವರು ಉಸಿರೆಳೆದುಕೊಂಡರು. ಅಷ್ಟರಲ್ಲಿ ಊಟದ ಹಾಲಿನ ಬಾಗಿಲಿಂದ ಅತ್ತೆಯ ದನಿ: "ಸಾಕು ಬನ್ರೀ, ಪಂಕ್ತಿ ಕೂತಾಯ್ತು." ಮಾವ ಮೈಕ್ ಕೊಟ್ಟು ಇಳಿದರು. ಕೈ ತೊಳೆಯುವ ನಲ್ಲಿಯ ಹತ್ತಿರ ಉಳಿದ ಚರಣವನ್ನು ಅತ್ತೆಯೇ ಗುನುಗುತ್ತಿದ್ದರು.