ಕಾರಿನ ಅಶ್ವಶಕ್ತಿ ಪರೀಕ್ಷೆ: ಗಡಿನಾಡಿನ ಮನೆಗಳಿಗೆ ಸಂಬಂಧಿಸಿದ ಕೆಲವು ಮಾತು

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರೊಂದು ಡಿಕ್ಕಿ ಹೊಡೆದು ಇಬ್ಬರು ಯುವ ಎಂಜಿನಿಯರುಗಳು ಪ್ರಾಣ ಕಳೆದುಕೊಂಡ ಸುದ್ದಿ ಓದುಗರ ನೆನಪಿನಲ್ಲಿರಬಹುದು. ಕಾರು ಓಡಿಸುತ್ತಿದ್ದನೆಂಬ ಆರೋಪ ಬಂದದ್ದು 17 ವರ್ಷದ ಹುಡುಗನ ಮೇಲೆ. ಬೆಂಗಳೂರಿನ ತಾತ್ಕಾಲಿಕ ನೋಂದಣಿಯ ಮೇಲೆ ಬಂದಿದ್ದ ಆ ಕಾರಿಗೆ ಕಾಯಂ ನೋಂದಣಿಯೇ ಆಗಿರಲಿಲ್ಲವೆಂಬುದು ಆಮೇಲೆ ಹೊರಬಿತ್ತು. ಒಂದು ರಾಜ್ಯದಲ್ಲಿ ಕೊಂಡು, ಇನ್ನೊಂದರಲ್ಲಿ ಓಡಿಸಿ, ಕಾಗದಪತ್ರವನ್ನು ನಡುದಾರಿಯಲ್ಲಿ ಬಿಡುವುದು ಶ್ರೀಮಂತರ ಮನೆಯ ರೋಗ ಮಾತ್ರವಲ್ಲ. ಗಡಿಯಲ್ಲಿ ಬದುಕುವ ಸಾಮಾನ್ಯರ ಮನೆಯ ಬಾಗಿಲಿಗೂ ಅದು ಬಂದಿದೆ.

ಉಮರ್ಗಾವನ್ನೇ ತೆಗೆದುಕೊಳ್ಳಿ. ಪುಣೆ, ಸೊಲ್ಲಾಪುರ, ಹೈದರಾಬಾದುಗಳನ್ನು ಜೋಡಿಸುವ ಹೆದ್ದಾರಿ, ಹಿಂದಿನ 9ನೆಯದು, ಈಗಿನ 65ನೆಯದು, ಆ ಊರಿನ ಮೂಲಕವೇ ಹಾದುಹೋಗುತ್ತದೆ. ಪೂರ್ವಕ್ಕೆ ಹೋದರೆ ಬೀದರ ಜಿಲ್ಲೆಯ ಬಸವಕಲ್ಯಾಣ, ದಕ್ಷಿಣಕ್ಕೆ ಕಲಬುರಗಿಯ ಆಳಂದ. ಹತ್ತಿರದ ನಿಲಂಗಾ, ಉದಗೀರ್ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಗೇ ಸೇರಿದ್ದವು. ಆ ವರ್ಷ ನವೆಂಬರ್ 1ರಂದು ನಾವು ಕೇರಳಕ್ಕೆ ಹೋದೆವು, ಅವು ಮುಂಬಯಿ ರಾಜ್ಯಕ್ಕೆ ಹೋದವು. ಅಲ್ಲಿಯ ಕನ್ನಡ ಮನೆಗಳ ಹುಡುಗರೂ ನಮ್ಮವರಂತೆ ದೂರದ ನಗರಗಳಲ್ಲಿ ದುಡಿಯುತ್ತಾರೆ. ಟರ್ಬೋ ಕಾರು ಕೊಳ್ಳುತ್ತಾರೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಒಂದು ಕಾರ್ಯಾಗಾರಕ್ಕೆ ಕೊಟ್ಟು ಅದರ ಶಕ್ತಿಯನ್ನು 'ಏರಿಸಿಕೊಂಡು' ಹೆದ್ದಾರಿಗಿಳಿಯುತ್ತಾರೆ. ತಲಪಾಡಿಯಿಂದ ತೆಂಕಣಕ್ಕೆ ಹೆದ್ದಾರಿ ಆರು ಪಥವಾಗುತ್ತ ಬಂದಂತೆ ಇಲ್ಲಿಯೂ ಅದೇ ಚಪಲ ಕಾಣಿಸಿದರೆ ಆಶ್ಚರ್ಯವಿಲ್ಲ.

ಇಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕಾರಿನ ಶಕ್ತಿಯನ್ನು ಅಳೆಯುವುದು ಒಂದು, ತಿದ್ದುವುದು ಇನ್ನೊಂದು. ಅಳೆಯಲು ಬಳಸುವ ಯಂತ್ರಕ್ಕೆ ಡೈನಮೋಮೀಟರ್, ಬಾಯಿಮಾತಿನಲ್ಲಿ ಡೈನೋ, ಎನ್ನುತ್ತಾರೆ. ನೆಲದಲ್ಲಿ ಕೂಡಿಸಿದ ಉಕ್ಕಿನ ರೋಲರುಗಳ ಮೇಲೆ ಕಾರನ್ನು ನಿಲ್ಲಿಸಿ ಕಟ್ಟಿ ಎಂಜಿನನ್ನು ಪೂರ್ಣ ವೇಗಕ್ಕೆ ತಂದರೆ, ಚಕ್ರಗಳು ರೋಲರನ್ನು ತಿರುಗಿಸುವ ಬಲದಿಂದ ಅಶ್ವಶಕ್ತಿಯ ಲೆಕ್ಕ ಸಿಗುತ್ತದೆ. ಇದರಲ್ಲಿ ಕಾನೂನಿಗೆ ತಕರಾರಿಲ್ಲ. ತಕರಾರು ತಿದ್ದುವಲ್ಲಿ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಕೊಟ್ಟ ತೀರ್ಪು ಕೇರಳದಿಂದಲೇ ಹೋದ ಮೊಕದ್ದಮೆಯದು. ತಯಾರಕರು ನಮೂದಿಸಿದ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸಕೂಡದೆಂಬುದು ಅದರ ಸಾರ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. 52ನೆಯ ಕಲಮಿನಂತೆ ಬದಲಾವಣೆಯನ್ನು 14 ದಿನಗಳೊಳಗೆ ತಿಳಿಸಬೇಕಾದದ್ದು ಮಾಲೀಕನು ವಾಸಿಸುವ ಪ್ರದೇಶದ ನೋಂದಣಿ ಕಚೇರಿಗೆ. ಕೆಲಸ ನಡೆದದ್ದು ಹೈದರಾಬಾದಿನಲ್ಲಾದರೂ ಉಮರ್ಗಾದವನು ಉತ್ತರ ಹೇಳಬೇಕಾದದ್ದು ಮಹಾರಾಷ್ಟ್ರದ ಕಚೇರಿಯಲ್ಲಿ, ಮರಾಠಿಯ ಅರ್ಜಿಯ ಮುಂದೆ. ಮಂಗಳೂರಿನಲ್ಲಿ ತಿದ್ದಿಸಿಕೊಂಡು ಬಂದ ನಮ್ಮ ಹುಡುಗನಿಗೆ ಅದು ಮಲಯಾಳದ ಅರ್ಜಿ. ಕಾರ್ಯಾಗಾರದವರು ಆ ಹೊತ್ತಿಗೆ ಫೋನು ಎತ್ತುತ್ತಾರೆಂಬ ಭರವಸೆ ಬೇಡ. ವಿಮಾ ಕಂಪೆನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ಬಳಿಕ ಪರಿಹಾರ ನಿರಾಕರಿಸಲು ಕಾರಣವಾಗಬಹುದೆಂಬುದು ಮನೆಯ ಯಜಮಾನರು ಮೊದಲೇ ಯೋಚಿಸಬೇಕಾದ ಸಂಗತಿ.

ಇನ್ನು ಪರೀಕ್ಷೆಯ ಅಪಾಯ. ರೋಲರಿನ ಮೇಲೆ ಗಂಟೆಗೆ 160 ಕಿಲೋಮೀಟರು ತೋರಿಸುವ ಕಾರು ನೋಡುವವರ ಕಣ್ಣಿಗೆ ನಿಂತಲ್ಲೇ ನಿಂತಿರುತ್ತದೆ. ಅದರ ಚಕ್ರದ ಅಂಚು ಮಾತ್ರ ಸೆಕೆಂಡಿಗೆ 44 ಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ಕಟ್ಟಿದ ಪಟ್ಟಿ ಹರಿದರೆ ಕಾರು ಮುಂದಿನ ಗೋಡೆಗೆ ಹಾರೀತು. ಟಯರು ಒಡೆದರೆ ರಬ್ಬರಿನ ತುಂಡು, ಟಯರಿನ ಸಂದಿಯ ಜಲ್ಲಿಕಲ್ಲು ಗುಂಡಿನಂತೆ ಚಿಮ್ಮೀತು. ಆದ್ದರಿಂದ ಒಳ್ಳೆಯ ಕಾರ್ಯಾಗಾರದಲ್ಲಿ ಕಾರಿನ ಮುಂದೆಯಾಗಲಿ ಹಿಂದೆಯಾಗಲಿ ಯಾರನ್ನೂ ನಿಲ್ಲಗೊಡುವುದಿಲ್ಲ. ಗೆಳೆಯರು ಪಕ್ಕದಲ್ಲಿ ಬಗ್ಗಿ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರೂ ಗದರಿಸದ ಮೇಸ್ತ್ರಿಯ ಕೈಗೆ ಕಾರಿನ ಕೀಲಿಕೈ ಕೊಡದಿರುವುದು ಲೇಸು. ಮುಂದೆ ಹಿಂದೆ ಎರಡೂ ಕಡೆ ಪಟ್ಟಿ ಕಟ್ಟಿರಬೇಕು, ಅದೂ ಕಾರಿನ ಗಟ್ಟಿ ಭಾಗಕ್ಕೆ, ಬಂಪರಿಗಲ್ಲ. ಪಟ್ಟಿಯ ಅಂಚು ನೂಲುಬಿಟ್ಟಿದ್ದರೆ ಅಲ್ಲಿಗೇ ಮಾತು ಮುಗಿಯಿತು.

ಟಯರನ್ನು ಮನೆಯಲ್ಲೇ ನೋಡಿಕೊಂಡು ಹೋಗಬಹುದು. ಪಕ್ಕದಲ್ಲಿ ಅಚ್ಚಾದ ಕೊನೆಯ ಅಕ್ಷರ ಟಿ ಎಂದಿದ್ದರೆ ಅದರ ಮಿತಿ ಗಂಟೆಗೆ 190 ಕಿಲೋಮೀಟರು, ಎಚ್ ಎಂದಿದ್ದರೆ 210, ವಿ ಎಂದಿದ್ದರೆ 240. ಹೊಸ ಟಯರಿಗೆ ಸಂಬಂಧಿಸಿದ ಲೆಕ್ಕ ಇದು. ನಾಲ್ಕಂಕಿಯ ಸಂಖ್ಯೆ 3519 ಎಂದಿದ್ದರೆ 2019ರ 35ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ದುಂಡನೆಯ ರೋಲರಿನ ಮೇಲೆ ಟಯರು ರಸ್ತೆಗಿಂತ ಹೆಚ್ಚು ಬಾಗಿ ಬೇಗ ಕಾಯುತ್ತದೆ. ಹಳೆಯದನ್ನೋ ಪಂಕ್ಚರು ಹಾಕಿದ್ದನ್ನೋ ಅದರ ಮೇಲೆ ಏರಿಸಕೂಡದು.

ರಸ್ತೆಯಲ್ಲಿ ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣಿಸುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಆ ಗಾಳಿಯಿಲ್ಲ. ದೊಡ್ಡ ಫ್ಯಾನು ಬೇಕು, ಮನೆಯ ಟೇಬಲ್ ಫ್ಯಾನು ಸಾಲದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೊಳವೆಯ ಮೂಲಕ ಅದನ್ನು ಹೊರಗೆ ಸಾಗಿಸುವ ವ್ಯವಸ್ಥೆ ಕಾಣದಿದ್ದರೆ ಹಿಂದಿರುಗಬೇಕು. ಬೆಂಕಿ ನಂದಿಸುವ ಸಿಲಿಂಡರು ಗೋಡೆಯಲ್ಲಿದೆಯೇ, ಅದರ ಅವಧಿ ಮುಗಿದಿದೆಯೇ ಎಂದು ನೋಡಲು ಯಾರ ಅಪ್ಪಣೆಯೂ ಬೇಡ.

ಅಂಕಿಯ ವಿಷಯಕ್ಕೆ ಬಂದರೆ ಮೋಸ ಹೋಗುವುದು ಸುಲಭ. ತಯಾರಕರು ಹೇಳುವುದು ಎಂಜಿನಿನ ಶಕ್ತಿ. ರೋಲರಿಗೆ ಸಿಗುವುದು ಚಕ್ರದ ಶಕ್ತಿ. ಗೇರು, ದಂಡ, ಟಯರುಗಳ ತಿಕ್ಕಾಟದಲ್ಲಿ ಸುಮಾರಾಗಿ ಶೇಕಡಾ 10ರಿಂದ 20 ಕಳೆದುಹೋಗುತ್ತದೆ. 'ನಿಮ್ಮ ಕಾರು ಸೋತಿದೆ, ನಾವು ಎಬ್ಬಿಸುತ್ತೇವೆ' ಎನ್ನುವವರು ಈ ಲೆಕ್ಕವನ್ನು ಹೇಳುವುದಿಲ್ಲ. ಗಾಳಿಯದು ಇನ್ನೊಂದು ಲೆಕ್ಕ. ಉಮರ್ಗಾ ಸಮುದ್ರಮಟ್ಟದಿಂದ ಸುಮಾರು 600 ಮೀಟರು ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಕಾಸರಗೋಡಿಗಿಂತ ಶೇಕಡಾ 7ರಷ್ಟು ಕಡಿಮೆ. ಬೇಸಗೆಯ 40 ಡಿಗ್ರಿ ಸೆಕೆ ಸೇರಿದರೆ ಗಾಳಿ ಇನ್ನೂ ತೆಳುವಾಗುತ್ತದೆ. ಟರ್ಬೋ ಇಲ್ಲದ ಒಂದೇ ಕಾರು ಎರಡೂರಿನಲ್ಲಿ ಎರಡು ಅಂಕಿ ತೋರಿಸುತ್ತದೆ. ಅದಕ್ಕೆಂದೇ ಯಂತ್ರಗಳು ಗಾಳಿಯ ತಿದ್ದುಪಡಿ ಸೇರಿಸಿ ಅಂಕಿ ಕೊಡುತ್ತವೆ. ಆದರೆ ಟರ್ಬೋ ಎಂಜಿನು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತಾನೇ ತುಂಬಿಕೊಳ್ಳುವುದರಿಂದ, ಅದರ ಮೇಲೆ ಪೂರ್ತಿ ತಿದ್ದುಪಡಿಯನ್ನೂ ಕೂಡಿಸಿದರೆ ಅಂಕಿ ಉಬ್ಬುತ್ತದೆ. ತಿದ್ದುಪಡಿಗೆ ಮುಂಚಿನ ಅಂಕಿ, ಬಳಸಿದ ವಿಧಾನ, ಆ ಹೊತ್ತಿನ ಉಷ್ಣತೆ, ಒತ್ತಡ ಇವಿಷ್ಟೂ ಅಚ್ಚಾದ ಹಾಳೆಯಲ್ಲಿರಬೇಕು. ಕೆಲಸಕ್ಕೆ ಮೊದಲು ಒಂದು ಅಳತೆ, ಆಮೇಲೆ ಅದೇ ಯಂತ್ರದಲ್ಲಿ, ಅದೇ ಗೇರಿನಲ್ಲಿ ಇನ್ನೊಂದು. ಮೊದಲ ಅಳತೆಯನ್ನೇ ಮಾಡದೆ '30 ಕುದುರೆ ಹೆಚ್ಚಾಯಿತು' ಎನ್ನುವುದು ತೂಗದ ಅಡಿಕೆಗೆ ಬೆಲೆ ಕಟ್ಟಿದಂತೆ.

ಪೆಟ್ರೋಲಿನ ವಿಷಯವನ್ನೂ ಕೇಳಿ ತಿಳಿಯಬೇಕು. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಶೇಕಡಾ 20ಕ್ಕೆ ಏರಿತು. ಉಮರ್ಗಾ ಕಡೆಯ ಕಬ್ಬಿನ ಬೆಳೆಗಾರನಿಗೆ ಅದು ಸಂತೋಷದ ಸುದ್ದಿಯೇ ಸರಿ. ಆದರೆ ಒಂದು ಕಿಲೋ ಶುದ್ಧ ಪೆಟ್ರೋಲು ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲಿಗೆ ಸಾಕಾಗುವುದು 9 ಕಿಲೋ. ಹೊರದೇಶದ ಪೆಟ್ರೋಲಿಗೆಂದು ಬರೆದ ಲೆಕ್ಕವನ್ನು ಕಾರಿನ ಕಂಪ್ಯೂಟರಿಗೆ ಹಾಗೆಯೇ ತುಂಬಿದರೆ ಎಂಜಿನು ಬಡಿದುಕೊಂಡು ಪಿಸ್ಟನ್ನು ಕರಗುವ ಭಯವಿದೆ. ಪರೀಕ್ಷೆಯ ವೇಳೆ ಗಾಳಿ–ಇಂಧನದ ಪ್ರಮಾಣವನ್ನೂ ಎಂಜಿನಿನ ಬಡಿತವನ್ನೂ ನೋಡುತ್ತಿರುವ, ಅಂಕಿ ಕೆಟ್ಟೊಡನೆ ಕಾಲು ತೆಗೆಯುವ ಕೆಲಸಗಾರನೇ ನಿಜವಾದ ಕೆಲಸಗಾರ. ಸೈಲೆನ್ಸರಿನ ಹೊಗೆಶೋಧಕವನ್ನು ಕಿತ್ತುಹಾಕುವ ಸಲಹೆ ಕೊಡುವವನು ಗಿರಾಕಿಯನ್ನು ದಂಡಕ್ಕೆ ನೂಕುತ್ತಿದ್ದಾನೆ. ಬ್ರೇಕಿನ ಬಗ್ಗೆ ಒಂದು ಮಾತೂ ಆಡದೆ ಶಕ್ತಿ ಏರಿಸಲು ಹೊರಟವನೂ ಅಷ್ಟೇ.

ಹಣ ಕೊಡುವ ಮೊದಲು ಏನೇನು ಬದಲಾಯಿಸಲಾಯಿತು, ತಯಾರಕರ ಮೂಲ ಲೆಕ್ಕದ ಪ್ರತಿ ಉಳಿಸಿಕೊಂಡಿದ್ದಾರೆಯೇ, ಬೇಡವಾದರೆ ಮತ್ತೆ ಮೊದಲಿನಂತೆ ಮಾಡಿಕೊಡುತ್ತಾರೆಯೇ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ಭಾಷೆ ತಿಳಿಯದಿದ್ದರೆ ತಿಳಿದವರೊಬ್ಬರನ್ನು ಜತೆಗೆ ಕರೆದೊಯ್ಯಲು ಸಂಕೋಚ ಬೇಡ. ಆಸ್ಪತ್ರೆಗೂ ಕಚೇರಿಗೂ ಹಾಗೆ ಹೋಗಿ ನಮಗೆ ಅಭ್ಯಾಸವಿದೆ.

ವೇಗದ ಹುಚ್ಚು ಅಳತೆಯಿಂದ ತಣಿಯದ ಹುಡುಗರಿಗೆ ಕೊಯಮುತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಓಟದ ಪಥವಿದೆ. ಅಲ್ಲಿ ಎದುರಿನಿಂದ ಶಾಲೆಯ ಬಸ್ಸು ಬರುವುದಿಲ್ಲ.