ಲೋಕಾಭಿರಾಮ: ವಠಾರದ ಬಾವಿಯೂ ವಿಮಾನದ ಕಟ್ಟಳೆಯೂ

2025ರ ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ನಮ್ಮ ಶಂಷಾಬಾದಿನ ವಿಮಾನ ನಿಲ್ದಾಣದಲ್ಲಿ ಜನ ಪಟ್ಟ ಪಾಡನ್ನು ಓದುಗರಲ್ಲಿ ಅನೇಕರು ಬಲ್ಲರು. ಕೆಲವರು ಅನುಭವಿಸಿಯೂ ಇದ್ದಾರೆ. ಇಂಡಿಗೋ ಕಂಪನಿಯ ವಿಮಾನಗಳು ದೇಶದಲ್ಲೆಲ್ಲ ಸಾವಿರಗಟ್ಟಲೆ ರದ್ದಾದವು. ಮದುವೆಗೆ ಹೊರಟವರು, ಪರೀಕ್ಷೆಗೆ ಹೊರಟವರು, ಊರಿನಲ್ಲಿ ಕಾಯಿಲೆಯಾಗಿರುವ ತಂದೆತಾಯಿಗಳನ್ನು ನೋಡಲು ಹೊರಟವರು ಪೆಟ್ಟಿಗೆಗಳ ಮೇಲೆ ಕುಳಿತು ರಾತ್ರಿ ಕಳೆದರು.

ಇದಕ್ಕೆಲ್ಲ ನೆಪವಾದದ್ದು ಪೈಲಟ್ಟುಗಳ ನಿದ್ರೆ. ಅವರಿಗೆ ವಾರಕ್ಕೆ 36 ಗಂಟೆಗಳ ಬದಲು 48 ಗಂಟೆಗಳ ಎಡೆಬಿಡದ ವಿಶ್ರಾಂತಿ ಇರಬೇಕು, ರಾತ್ರಿಯ ಇಳಿತಗಳು ಆರರಿಂದ ಎರಡಕ್ಕೆ ಇಳಿಯಬೇಕು ಎಂಬ ಕಟ್ಟಳೆ 2024ರ ಜನವರಿಯಲ್ಲೇ ಪ್ರಕಟವಾಗಿತ್ತು. ಜಾರಿಗೆ ಬಂದದ್ದು 2025ರ ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ, ಎರಡು ಕಂತಿನಲ್ಲಿ. ಸಿದ್ಧತೆ ಸಾಲದೆಹೋಯಿತೆಂದು ಕಂಪನಿಯೇ ಒಪ್ಪಿಕೊಂಡಿತು. ಗದ್ದಲ ಹೆಚ್ಚಿದಾಗ ದೆಹಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ರಾತ್ರಿಯ ಕೆಲಸದ ಕೆಲವು ಕಟ್ಟುಗಳನ್ನು ಆ ಕಂಪನಿಯ ಮಟ್ಟಿಗೆ 2026ರ ಫೆಬ್ರವರಿ 10ರವರೆಗೆ ಸಡಿಲಿಸಿತು. ವಿಮಾನಗಳು ಮತ್ತೆ ಹಾರಿದವು, ಜನ ನಿಟ್ಟುಸಿರುಬಿಟ್ಟರು.

ನಿಟ್ಟುಸಿರು ಸಹಜವೇ. ಆದರೆ ಆ ಕಟ್ಟಳೆ ಯಾತಕ್ಕೆ ಹುಟ್ಟಿತು ಎಂಬುದನ್ನು ಮರೆಯಬಾರದು. ಕನ್ನಡಿಗರಿಗಂತೂ ಅದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ಓಡುಹಾದಿಯನ್ನು ದಾಟಿ ಕಮರಿಗೆ ಬಿತ್ತು. 158 ಮಂದಿ ಮಡಿದರು. ಉಳಿದವರು ಎಂಟೇ ಜನ. ಇಳಿತದ ಅಳತೆ ತಪ್ಪಿದೆ, ಮತ್ತೆ ಮೇಲೇರೋಣ ಎಂದು ಸಹಚಾಲಕರು ಮೂರು ಸಾರಿ ಹೇಳಿದರೂ ಮುಖ್ಯ ಚಾಲಕರು ಕೇಳಲಿಲ್ಲವೆಂದು ವಿಚಾರಣಾ ಮಂಡಲಿ ಕಂಡುಕೊಂಡಿತು. ಅವರು ಹಾದಿಯಲ್ಲಿ ಬಹಳ ಹೊತ್ತು ನಿದ್ರಿಸಿ ಎದ್ದಿದ್ದರು. ಆ ನಿದ್ರೆಯ ಮಂಕು ಅವರ ವಿವೇಚನೆಯನ್ನು ಕವಿದಿದ್ದೀತೆಂದೂ ಮಂಡಲಿ ಬರೆಯಿತು. ಮಂಗಳೂರಿನಿಂದ ಕಾಸರಗೋಡಿನವರೆಗೆ ಎಷ್ಟು ಮನೆಗಳಲ್ಲಿ ಅಂದು ಒಲೆ ಹೊತ್ತಲಿಲ್ಲ!

ಹಾಗಾದರೆ ಇಂಥ ಕಟ್ಟಳೆಯನ್ನು ಸಡಿಲಿಸುವ ಅಧಿಕಾರ ಯಾರಿಗಿರಬೇಕು? ಒಂದೇ ದೇಶದಲ್ಲಿ ಇಷ್ಟು ತೊಡಕಾದರೆ, ಹಲವು ದೇಶಗಳು ಕೂಡಿ ಬಾಳುವ ಕಡೆ ಏನು ಮಾಡುತ್ತಾರೆ? ಇದಕ್ಕೆ ಯೂರೋಪಿನ ಒಕ್ಕೂಟದ ಕಡೆ ನೋಡಬೇಕು.

ಹಳೆಯ ವಠಾರಗಳಲ್ಲಿ ಹತ್ತು ಸಂಸಾರಕ್ಕೆ ಒಂದು ಬಾವಿ ಇರುತ್ತಿತ್ತು. ಅಡಿಗೆ ಅವರವರದು, ಹಬ್ಬ ಅವರವರದು. ಬಾವಿ ಮಾತ್ರ ಎಲ್ಲರದು. ಒಬ್ಬರು ಕೊಳಕು ಕೊಡ ಇಳಿಬಿಟ್ಟರೆ ಹತ್ತು ಮನೆಗೂ ಕಾಯಿಲೆ. ಯೂರೋಪಿನ ಆಕಾಶ ಇಂಥ ಬಾವಿ. ಊಟ ಮುಗಿಯುವಷ್ಟರಲ್ಲಿ ವಿಮಾನ ಮೂರು ದೇಶ ದಾಟಿರುತ್ತದೆ.

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗೆನ್ ಎಂಬಲ್ಲಿ ನಡುಬಾನಿನಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದವು. ಒಂದು ರಷ್ಯದ್ದು, ಬಹುಪಾಲು ಶಾಲೆಯ ಮಕ್ಕಳು ತುಂಬಿದ್ದದ್ದು, ಇನ್ನೊಂದು ಸರಕಿನದು. 71 ಜೀವ ಹೋಯಿತು. ಆಕಾಶ ಜರ್ಮನಿಯದು, ಅದನ್ನು ಕಾಯುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ಕಂಪನಿ. ಆ ಹೊತ್ತಿನಲ್ಲಿ ನಿಗಾ ನೋಡುತ್ತಿದ್ದವನು ಒಬ್ಬನೇ. ಇಳಿಯಿರೆಂದು ನೆಲದಿಂದ ಅಪ್ಪಣೆ, ಏರಿರೆಂದು ವಿಮಾನದೊಳಗಿನ ಯಂತ್ರದ ಎಚ್ಚರಿಕೆ. ರಷ್ಯದ ಚಾಲಕರು ನೆಲದ ಮಾತು ಕೇಳಿದರು, ಸರಕಿನ ವಿಮಾನದವರು ತಮ್ಮ ಯಂತ್ರದ ಮಾತು ಕೇಳಿದರು, ಎರಡೂ ಕೆಳಗಿಳಿದವು. ಯಾರ ಮಾತು ಮೇಲು ಎಂಬುದು ಎಲ್ಲರಿಗೂ ಒಂದೇ ಆಗಿ ತಿಳಿದಿರದಿದ್ದರೆ ಆಗುವುದು ಹೀಗೆ.

ಅದಕ್ಕೆ ಮುಂಚೆಯೇ ಸಿದ್ಧವಾಗುತ್ತಿದ್ದ ಕಾನೂನೊಂದು ಅದೇ ತಿಂಗಳ 15ರಂದು ಅಂಗೀಕಾರವಾಗಿ, ಐರೋಪ್ಯ ವಿಮಾನ ಸುರಕ್ಷಾ ಸಂಸ್ಥೆ ಹುಟ್ಟಿತು. ಅದರ ಕಚೇರಿ ಜರ್ಮನಿಯ ಕಲೋನ್ ನಗರದಲ್ಲಿದೆ. ಆಕಾಶದ ಸಂಚಾರ ನಿಯಂತ್ರಣವನ್ನೂ 2009ರಲ್ಲಿ ಅದರ ವ್ಯಾಪ್ತಿಗೆ ಸೇರಿಸಿದರು. ಒಕ್ಕೂಟದ 27 ದೇಶಗಳ ಜೊತೆಗೆ ನಾರ್ವೆ, ಐಸ್‌ಲೆಂಡ್, ಸ್ವಿಟ್ಜರ್ಲೆಂಡ್, ಲಿಕ್ಟೆನ್‌ಸ್ಟೈನ್ ಸೇರಿ 31 ದೇಶಗಳಿಗೆ ಕಟ್ಟಳೆ ಒಂದೇ. ಹೊಸ ಮಾದರಿಯ ವಿಮಾನ ಹಾರಲು ತಕ್ಕದ್ದೇ ಎಂದು ಒಪ್ಪಿಗೆ ಕೊಡುವುದು ಕಲೋನ್. ಪೈಲಟ್ಟಿಗೆ ಲೈಸೆನ್ಸು ಕೊಡುವುದು, ದಿನನಿತ್ಯದ ತಪಾಸಣೆ ಮಾಡುವುದು ಆಯಾ ದೇಶದ ಅಧಿಕಾರಿಗಳು. ಆ ಅಧಿಕಾರಿಗಳ ಕೆಲಸ ಸರಿಯಾಗಿದೆಯೇ ಎಂದು ಕಲೋನಿನವರು ಹೋಗಿ ನೋಡುತ್ತಾರೆ. ತಪಾಸಣೆ ಮಾಡುವವರಿಗೂ ತಪಾಸಣೆ! ಪೈಲಟ್ಟುಗಳ ದುಡಿಮೆಯ ಗಂಟೆಗಳಿಗೂ 2016ರಿಂದ ಹೆಚ್ಚುಕಡಿಮೆ ಒಂದೇ ಅಳತೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಅಲ್ಲಿಯೂ ಸಡಿಲಿಕೆ ಉಂಟು. ತುರ್ತು ಬಂದರೆ ಒಂದು ದೇಶ ತನ್ನ ಕಂಪನಿಗೆ ವಿನಾಯಿತಿ ಕೊಡಬಹುದು. ಆದರೆ ಏಕೆ ಕೊಟ್ಟೆ, ಎಷ್ಟು ಕಾಲಕ್ಕೆ ಕೊಟ್ಟೆ, ಅಪಾಯ ತಗ್ಗಿಸಲು ಬದಲಿಗೆ ಏನು ಮಾಡಿದೆ ಎಂಬುದನ್ನು ಒಕ್ಕೂಟಕ್ಕೂ ಕಲೋನಿಗೂ ನೆರೆಯ ಸದಸ್ಯ ದೇಶಗಳಿಗೂ ತಡಮಾಡದೆ ತಿಳಿಸಬೇಕು. ವಿನಾಯಿತಿ ಎಂಟು ತಿಂಗಳು ಮೀರಿದರೆ ಒಕ್ಕೂಟವೇ ಅದನ್ನು ಪರಿಶೀಲಿಸುತ್ತದೆ. ಬಾವಿಯ ಕಟ್ಟೆಯ ಮೇಲೆ ನಿಂತು ಹತ್ತು ಮನೆಗೂ ಕೇಳುವಂತೆ ಹೇಳಿ ಕೊಡ ಇಳಿಸಿದ ಹಾಗೆ. ಕೂಡಿ ಬಾಳುವುದರ ಹುರುಳೆಲ್ಲ ಇದರಲ್ಲೇ ಇದೆಯೆಂದು ನಮ್ಮ ಎಣಿಕೆ. ನಮ್ಮ ದೇಶದ ಸಡಿಲಿಕೆ ಗುಟ್ಟಾಗಿ ನಡೆಯಲಿಲ್ಲ, ನಿಜ. ಆದರೆ ಕಾರಣವನ್ನು ಮರುಪ್ರಶ್ನಿಸುವ ನೆರೆಯವರು ನಮಗಿಲ್ಲ. ಆ ಕೆಲಸ ನ್ಯಾಯಾಲಯಕ್ಕೂ ಪತ್ರಿಕೆಗಳಿಗೂ ಪ್ರಯಾಣಿಕರಿಗೂ ಬೀಳುತ್ತದೆ.

ಯೂರೋಪಿನ ಮಾತು ನಮಗೇಕೆ ಎನ್ನುವವರು ಶಂಷಾಬಾದಿಗೇ ಹೋಗಿ ನೋಡಬಹುದು. ಅಲ್ಲಿನ ಜಿ.ಎಂ.ಆರ್. ಏರೋ ಟೆಕ್ನಿಕ್ ದುರಸ್ತಿ ಕೇಂದ್ರಕ್ಕೆ ನಮ್ಮ ಮಹಾನಿರ್ದೇಶನಾಲಯದ ಮಾನ್ಯತೆಯ ಜೊತೆಗೆ ಐರೋಪ್ಯ ಸಂಸ್ಥೆಯ ಮಾನ್ಯತೆಯೂ ಇದೆ. ಹೈದರಾಬಾದಿನ ಹುಡುಗ ಬಿಗಿದ ಬೋಲ್ಟಿಗೆ ಕಲೋನಿನ ಕಟ್ಟಳೆ ಅನ್ವಯಿಸುತ್ತದೆ. ಅಧಿಕಾರವುಳ್ಳ ತಂತ್ರಜ್ಞ ಕಾಗದದ ಮೇಲೆ ಸಹಿ ಹಾಕಿದ ಹೊರತು ವಿಮಾನ ಕೊಟ್ಟಿಗೆಯಿಂದ ಹೊರಡುವಂತಿಲ್ಲ. ಮಕ್ಕಳನ್ನು ವಿಮಾನ ದುರಸ್ತಿಯ ವಿದ್ಯೆಗೆ ಸೇರಿಸಬೇಕೆಂದಿರುವ ತಂದೆತಾಯಿಗಳು ಇದನ್ನು ಗಮನಿಸಲಿ. ಅಲ್ಲಿ ಕಲಿಯಬೇಕಾದದ್ದು ಕೈಚಳಕವೊಂದೇ ಅಲ್ಲ. ಸಂದೇಹವಿದ್ದರೆ ಯಾರು ಅವಸರಪಡಿಸಿದರೂ ಸಹಿ ಹಾಕದಿರುವ ಗಟ್ಟಿತನ ಕೂಡ.

ಗೃಹಸ್ಥರಾದ ನಾವು ಮಾಡಬಹುದಾದದ್ದೂ ಸ್ವಲ್ಪ ಉಂಟು. ಪೈಲಟ್ಟಿನ ದುಡಿಮೆಯ ಅವಧಿ ಮುಗಿಯಿತು, ವಿಮಾನ ತಡವಾಗುತ್ತದೆ ಎಂದು ಕೌಂಟರಿನ ಹುಡುಗಿ ಹೇಳಿದಾಗ ಅವಳ ಮೇಲೆ ಹರಿಹಾಯಬಾರದು. ಸಿದ್ಧತೆಯಿಲ್ಲದ ಕಂಪನಿಯನ್ನು ಬೇಕಾದರೆ ಪತ್ರ ಬರೆದು ದಬಾಯಿಸಿ, ಟಿಕೆಟ್ಟಿನ ಹಣವನ್ನು ಬಿಡದೆ ಕೇಳಿ ಪಡೆಯಿರಿ. ಆದರೆ ನಿದ್ದೆಗೆಟ್ಟವನನ್ನೇ ಎಬ್ಬಿಸಿ ವಿಮಾನ ಹಾರಿಸಿರೆಂದು ಮಾತ್ರ ಒತ್ತಾಯಿಸಬೇಡಿ.