ಸಾಕ್ಷ್ಯವಿಲ್ಲದ ಸಾಕ್ಷ್ಯಚಿತ್ರ

ಡಾಕ್ಯುಮೆಂಟರಿ ಎಂಬ ಪದಕ್ಕೆ ಕನ್ನಡದಲ್ಲಿ ಸಾಕ್ಷ್ಯಚಿತ್ರ ಎಂಬ ಹೆಸರನ್ನು ಯಾರು ಟಂಕಿಸಿದರೋ, ಅವರು ಆ ಮಾಧ್ಯಮದ ತಲೆಯ ಮೇಲೆ ಬಹು ದೊಡ್ಡ ಹೊರೆಯನ್ನೇ ಹೊರಿಸಿದ್ದಾರೆ. ಇಂಗ್ಲಿಷಿನ ಮೂಲ ಪದಕ್ಕೆ ದಾಖಲೆಯ ವಾಸನೆ ಮಾತ್ರ ಇದೆ. ಕನ್ನಡದ ಪದವಾದರೋ ನೇರವಾಗಿ ಕಟಕಟೆಗೆ ಕರೆದೊಯ್ಯುತ್ತದೆ. ಸಾಕ್ಷಿ ಎಂದ ಮೇಲೆ ಪಾಟೀಸವಾಲು ಇರಲೇಬೇಕಲ್ಲವೇ? 2022ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಟೂ ಥೌಸಂಡ್ ಮ್ಯೂಲ್ಸ್’ ಎಂಬ ಚಿತ್ರದ ಕಥೆ, ಪಾಟೀಸವಾಲಿಗೆ ಸಿಗದೆ ಎರಡು ವರ್ಷ ತಪ್ಪಿಸಿಕೊಂಡು ತಿರುಗಿದ ಸಾಕ್ಷಿಯೊಂದರ ಕಥೆಯಾಗಿದೆ.

ಹೆಸರಿನ ಅರ್ಥ ಎರಡು ಸಾವಿರ ಹೇಸರಗತ್ತೆಗಳು. ಮುಂಬಯಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ದಿನೇಶ್ ಡಿಸೋಜಾ ಇದರ ನಿರ್ದೇಶಕರು. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಸೋತದ್ದು ಮೋಸದಿಂದ ಎಂಬುದು ಚಿತ್ರದ ಪ್ರತಿಪಾದನೆ. ಆ ವರ್ಷ ಕೋವಿಡ್ ಪಿಡುಗಿನ ಭಯದಿಂದ ಶೇಕಡಾ 40ಕ್ಕೂ ಹೆಚ್ಚು ಮತದಾರರು ಅಂಚೆ ಮತಪತ್ರವನ್ನು ಬಳಸಿದ್ದರು. ಭರ್ತಿ ಮಾಡಿದ ಮತಪತ್ರವನ್ನು ಹಾಕಲು ಗ್ರಂಥಾಲಯ, ಸರ್ಕಾರಿ ಕಚೇರಿಗಳ ಮುಂದೆ ಪೆಟ್ಟಿಗೆಗಳನ್ನು ಇಡಲಾಗಿತ್ತು. ಹಣ ಪಡೆದ ಆಳುಗಳು ಕೆಲವು ಸ್ವಯಂಸೇವಾ ಸಂಸ್ಥೆಗಳಿಂದ ಮತಪತ್ರಗಳ ಕಟ್ಟುಗಳನ್ನು ಹೊತ್ತು ತಂದು, ಅರಿಜೋನಾ, ಜಾರ್ಜಿಯಾ, ಮಿಶಿಗನ್, ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್ ಈ ಐದು ರಾಜ್ಯಗಳ ಪೆಟ್ಟಿಗೆಗಳಿಗೆ ರಾತ್ರೋರಾತ್ರಿ ತುಂಬಿದರು ಎಂದು ಚಿತ್ರ ಹೇಳಿತು. ಇದಕ್ಕೆ ಆಧಾರವಾಗಿ ಒದಗಿದ್ದು ‘ಟ್ರೂ ದ ವೋಟ್’ ಎಂಬ ಸಂಘಟನೆ ಖರೀದಿಸಿದ ಮೊಬೈಲ್ ದೂರವಾಣಿಗಳ ಸ್ಥಳ ಮಾಹಿತಿ. ಅದರೊಂದಿಗೆ ಪೆಟ್ಟಿಗೆಗಳ ಬಳಿಯ ಕಣ್ಗಾವಲು ಕ್ಯಾಮೆರಾಗಳ ತುಣುಕುಗಳು.

ವಿಜ್ಞಾನದ ಗಂಧವಿರುವ ವೀಕ್ಷಕ ಈ ಚಿತ್ರದಲ್ಲಿ ಮೊದಲು ಕೇಳಬೇಕಾದದ್ದು ರಾಜಕೀಯ ಪ್ರಶ್ನೆಯನ್ನಲ್ಲ, ಅಳತೆಯ ಪ್ರಶ್ನೆಯನ್ನು. ಹತ್ತು ಅಥವಾ ಹೆಚ್ಚು ಬಾರಿ ಮತಪೆಟ್ಟಿಗೆಗಳ ಬಳಿ, ಐದು ಅಥವಾ ಹೆಚ್ಚು ಬಾರಿ ಆ ಸಂಸ್ಥೆಗಳ ಬಳಿ ಸುಳಿದ ಫೋನು ಯಾವುದೋ ಅದರ ಒಡೆಯ ಹೇಸರಗತ್ತೆ ಎಂಬುದು ಚಿತ್ರದ ವ್ಯಾಖ್ಯೆ. ಆದರೆ ಬಯಲಿನಲ್ಲಿ, ನಿರಭ್ರ ಆಕಾಶದ ಕೆಳಗೆ ಸಹ ಫೋನಿನ ಜಿಪಿಎಸ್ ಐದು ಮೀಟರಿನಷ್ಟು ಅತ್ತಿತ್ತ ತೋರುವುದು ಸಾಮಾನ್ಯ. ಎತ್ತರದ ಕಟ್ಟಡಗಳ ನಡುವೆ ಈ ದೋಷ ಇನ್ನೂ ಬೆಳೆಯುತ್ತದೆ. ಅರಣ್ಯ ಹಕ್ಕು ಅರ್ಜಿಗಳ ಸಲುವಾಗಿ ಮರಗಳ ದಟ್ಟ ನೆರಳಿನಲ್ಲಿ ಜಿಪಿಎಸ್ ಯಂತ್ರ ಹಿಡಿದು ನಿಂತು, ನಿಂತಲ್ಲೇ ಅಂಕಿಗಳು ಜಿಗಿಯುವುದನ್ನು ಕಂಡ ಮಲೆನಾಡಿನ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಪೆಟ್ಟಿಗೆಯೊಳಗೆ ಕೈ ಹಾಕಿದವನಿಗೂ ಅದರ ಪಕ್ಕದ ರಸ್ತೆಯಲ್ಲಿ ಬಸ್ಸಿಗೆ ಕಾದವನಿಗೂ ಇರುವ ಅಂತರ ಈ ಮಾಹಿತಿಯಲ್ಲಿ ಕಾಣಿಸುವುದೇ ಇಲ್ಲ. ಟ್ಯಾಕ್ಸಿ ಚಾಲಕ, ಅಂಚೆಯವ, ಮನೆಮನೆಗೆ ಸಾಮಾನು ಮುಟ್ಟಿಸುವ ಹುಡುಗ, ಚುನಾವಣಾ ಸಿಬ್ಬಂದಿ ಇವರೆಲ್ಲ ಆ ಜಾಲದಲ್ಲಿ ಬೀಳುವವರೇ. ಜನ ಹೆಚ್ಚು ಓಡಾಡುವ ಜಾಗವೆಂದೇ ಅಲ್ಲಿ ಪೆಟ್ಟಿಗೆ ಇಟ್ಟಿರುತ್ತಾರೆ!

ಎರಡನೆಯ ದೋಷ ಇದಕ್ಕಿಂತ ಗಹನವಾದದ್ದು. ಕೃಷಿ ಪ್ರಯೋಗಗಳಲ್ಲಿ ನಿಯಂತ್ರಣ ತಾಕು ಎಂಬುದೊಂದು ಇರುತ್ತದೆ. ಗೊಬ್ಬರ ಹಾಕಿದ ತಾಕನ್ನು ಹಾಕದ ತಾಕಿನೊಂದಿಗೆ ಹೋಲಿಸದೆ ಇಳುವರಿಯ ಬಗ್ಗೆ ಮಾತಾಡುವಂತಿಲ್ಲ. ಅಡಿಕೆಯ ಹಳದಿ ಎಲೆ ರೋಗದ ಕಾರಣವನ್ನು ಹುಡುಕುವವರು ಹಳ್ಳದ ಬದಿಯ ರೋಗಿಷ್ಠ ಮರಗಳನ್ನು ಮಾತ್ರ ಎಣಿಸಿ, ಅದೇ ಹಳ್ಳದ ಬದಿಯ ಆರೋಗ್ಯವಂತ ಮರಗಳನ್ನು ಎಣಿಸದೆ ಬಿಟ್ಟರೆ, ಹಳ್ಳದ ನೀರೇ ರೋಗಕ್ಕೆ ಕಾರಣವೆಂದು ಸಾಧಿಸಿಬಿಡಬಹುದು. ಚಿತ್ರ ಮಾಡಿದ್ದು ಇದನ್ನೇ. ಚುನಾವಣೆ ಇಲ್ಲದ ತಿಂಗಳಿನಲ್ಲಿ ಅದೇ ಸ್ಥಳಗಳ ಬಳಿ ಎಷ್ಟು ಫೋನುಗಳು ಹಾಗೆಯೇ ಸುಳಿದಾಡುತ್ತವೆ ಎಂಬ ಹೋಲಿಕೆಯ ಲೆಕ್ಕವನ್ನು ಅದು ವೀಕ್ಷಕರ ಮುಂದಿಡಲಿಲ್ಲ.

ಇನ್ನು ಗುಣಾಕಾರ. ಎರಡು ಸಾವಿರ ಆಳುಗಳು, ಸರಾಸರಿ 38 ಭೇಟಿಗಳು, ಭೇಟಿಗೆ ಐದು ಮತಪತ್ರ, ಒಟ್ಟು 3,80,000 ಕಳ್ಳ ಮತ. ಈ ಐದು ಎಂಬುದನ್ನು ಫೋನು ಹೇಳಲಾರದು, ಅದು ಊಹೆ. ಬಳಿಕ ಚಿತ್ರವೇ ಅಳತೆಗೋಲನ್ನು ಸಡಿಲಿಸಿ ಹತ್ತರ ಬದಲು ಐದು ಭೇಟಿ ಸಾಕೆನ್ನುತ್ತದೆ. ತಕ್ಷಣ ಹೇಸರಗತ್ತೆಗಳ ಸಂಖ್ಯೆ 54,000ಕ್ಕೆ ಜಿಗಿಯುತ್ತದೆ, ಭೇಟಿಗೆ ಮೂರರಂತೆ ಕಳ್ಳ ಮತಗಳು 8,10,000 ಆಗುತ್ತವೆ. ಚಿತ್ರ ಇದನ್ನು ತನ್ನ ವಾದದ ಬಲವೆಂದು ತೋರಿಸಿತು. ಅಂಕಿ-ಅಂಶಗಳೊಂದಿಗೆ ದಿನ ಕಳೆಯುವವರಿಗೆ ಅದು ವಾದ ಕುಸಿಯುವ ಸದ್ದಾಗಿ ಕೇಳಿಸಬೇಕು. ಗೆರೆಯನ್ನು ಸ್ವಲ್ಪ ಕೆಳಗಿಳಿಸಿದ ಮಾತ್ರಕ್ಕೆ ಅಪರಾಧಿಗಳು 27 ಪಟ್ಟು ಹೆಚ್ಚುವುದಾದರೆ, ಗೆರೆಯ ಎರಡೂ ಬದಿಗೆ ಇರುವವರು ದಾರಿಹೋಕರೇ ಎಂಬ ಸಂಶಯ ಬಲಿಯುತ್ತದೆ. ಅಟ್ಲಾಂಟಾ ನಗರದ ಹೆಸರಿನಲ್ಲಿ ಪರದೆಯ ಮೇಲೆ ಮೂಡಿದ ಒಂದು ನಕ್ಷೆ ವಾಸ್ತವದಲ್ಲಿ ಮಾಸ್ಕೋ ನಗರದ್ದಾಗಿತ್ತು ಎಂಬುದನ್ನು ಇಲ್ಲಿ ಹಾಸ್ಯಕ್ಕಾಗಿ ಮಾತ್ರ ಹೇಳಬಹುದು.

ಟ್ರಂಪ್ ಅವರದೇ ಆಡಳಿತದಲ್ಲಿ ಅಟಾರ್ನಿ ಜನರಲ್ ಆಗಿದ್ದ ವಿಲಿಯಂ ಬಾರ್ ಸಂಸತ್ತಿನ ವಿಚಾರಣಾ ಸಮಿತಿಯೆದುರು ಈ ಚಿತ್ರದ ಮಾತು ಬಂದಾಗ ನಕ್ಕುಬಿಟ್ಟರು. ಜಾರ್ಜಿಯಾದಲ್ಲಿ ಸುಮಾರು 50 ಲಕ್ಷ ಮತಪತ್ರಗಳನ್ನು 2020ರಲ್ಲೇ ಕೈಯಿಂದ ಮರುಎಣಿಕೆ ಮಾಡಲಾಗಿತ್ತು. ಬೈಡನ್ ಅವರ 11,779 ಮತಗಳ ಅಂತರದ ಗೆಲುವನ್ನು ಅಲ್ಲಿ ಘೋಷಿಸಿದ ಅಧಿಕಾರಿ ಟ್ರಂಪ್ ಅವರದೇ ಪಕ್ಷದವರು. ಅರಿಜೋನಾದಲ್ಲಿ 2021ರಲ್ಲಿ ಟ್ರಂಪ್ ಬೆಂಬಲಿಗರೇ ಒತ್ತಾಯಿಸಿ ನಡೆಸಿದ ಮರುಪರಿಶೀಲನೆಯಲ್ಲಿ ಬೈಡನ್ ಅವರ ಮುನ್ನಡೆ 360 ಮತಗಳಷ್ಟು ಹೆಚ್ಚಿತು. ಆದರೂ ಚಿತ್ರ ಓಡಿತು. ಅಂಕಿಗಳನ್ನು ಯಾರೂ ಚಿತ್ರಮಂದಿರದಲ್ಲಿ ಕುಳಿತು ಪರಿಶೀಲಿಸುವುದಿಲ್ಲ. ಮಸುಕಾದ ಮುಖವೊಂದು ಕತ್ತಲಲ್ಲಿ ಪೆಟ್ಟಿಗೆಯ ಬಳಿ ಬಂದು ಹೋಗುವುದನ್ನು ಕಂಡವರಿಗೆ ತಾವೇ ಕಳ್ಳನನ್ನು ಹಿಡಿದೆವೆಂಬ ಭಾವ ಬರುತ್ತದೆ. ಪಿಡುಗಿನ ಕಾಲದಲ್ಲಿ ಕೈಗವಸು ತೊಟ್ಟ ಹೆಂಗಸೂ ಅಲ್ಲಿ ಬೆರಳಚ್ಚು ಮರೆಮಾಚುವ ಅಪರಾಧಿಯಾದಳು.

ಹಾಗೆ ಮಸುಕಾಗಿ ಕಂಡ ಮುಖಗಳಲ್ಲಿ ಒಂದು ಜಾರ್ಜಿಯಾದ ಒಬ್ಬ ಸಾಮಾನ್ಯ ನಾಗರಿಕರದು. ಅವರು ಪೆಟ್ಟಿಗೆಗೆ ಹಾಕಿದ್ದು ಐದು ಮತಪತ್ರಗಳನ್ನು: ತಮ್ಮದು, ಪತ್ನಿಯದು, ವಯಸ್ಕರಾದ ಮೂವರು ಮಕ್ಕಳದು. ಮನೆಯವರ ಮತಪತ್ರವನ್ನು ಹೀಗೆ ತಲುಪಿಸಲು ಆ ರಾಜ್ಯದ ಕಾನೂನಿನಲ್ಲಿ ಅವಕಾಶವಿದೆ. ಚಿತ್ರ ಬಿಡುಗಡೆಯಾದ ತಿಂಗಳಿನಲ್ಲೇ ರಾಜ್ಯ ಚುನಾವಣಾ ಮಂಡಳಿ ತನಿಖೆಯ ಬಳಿಕ ಅವರ ಮೇಲಿನ ದೂರನ್ನು ವಜಾ ಮಾಡಿತು. ಚಿತ್ರವಾದರೋ ಅವರನ್ನು ಅಪರಾಧಿಯಾಗಿಯೇ ತೋರಿಸುತ್ತ ಹೋಯಿತು. ಅವರು ನ್ಯಾಯಾಲಯಕ್ಕೆ ಹೋದರು. 2024ರ ಫೆಬ್ರವರಿಯಲ್ಲಿ, ಚುನಾವಣಾ ಮಂಡಳಿ ಹೂಡಿದ್ದ ಇನ್ನೊಂದು ಪ್ರಕರಣದಲ್ಲಿ, ‘ಟ್ರೂ ದ ವೋಟ್’ ತನ್ನ ಆರೋಪಗಳಿಗೆ ಒದಗಿಸಬಹುದಾದ ಹೆಸರುಗಳಾಗಲಿ ದಾಖಲೆಗಳಾಗಲಿ ತನ್ನಲ್ಲಿಲ್ಲವೆಂದು ತಿಳಿಸಿತು. ಅದೇ ಮೇ ತಿಂಗಳ ಕೊನೆಯಲ್ಲಿ ಚಿತ್ರದ ಸಹನಿರ್ಮಾಣ ಸಂಸ್ಥೆಯಾದ ಸೇಲಂ ಮೀಡಿಯಾ ಆ ನಾಗರಿಕರ ಕ್ಷಮೆ ಕೇಳಿ, ಚಿತ್ರ ಮತ್ತು ಪುಸ್ತಕದ ವಿತರಣೆಯನ್ನು ನಿಲ್ಲಿಸಿತು. ಡಿಸೋಜಾ ಕ್ಷಮೆ ಕೇಳಿದ್ದು ಡಿಸೆಂಬರಿನಲ್ಲಿ. ಕ್ಯಾಮೆರಾ ತುಣುಕುಗಳಿಗೂ ಫೋನಿನ ಮಾಹಿತಿಗೂ ಸಂಬಂಧವನ್ನು ಜೋಡಿಸಿಯೇ ಇರಲಿಲ್ಲವೆಂದು ತಮಗೆ ತಡವಾಗಿ ತಿಳಿಯಿತೆಂದು ಅವರು ಬರೆದರು. ಎರಡು ಕಾಲಿನ ಮೇಲೆ ನಿಂತಿದ್ದ ಚಿತ್ರದ ಒಂದು ಕಾಲು ಇನ್ನೊಂದರ ಜೊತೆ ಎಂದೂ ನಡೆದಿರಲಿಲ್ಲ. ಚಿತ್ರದ ಮೂಲ ಪ್ರತಿಪಾದನೆ ಸರಿಯೇ ಎಂಬ ಮಾತನ್ನೂ ಅದೇ ಹೇಳಿಕೆಯಲ್ಲಿ ಸೇರಿಸಲು ಅವರು ಮರೆಯಲಿಲ್ಲ. ಅಷ್ಟರಲ್ಲಿ 2024ರ ಚುನಾವಣೆಯಲ್ಲಿ ಟ್ರಂಪ್ ಗೆದ್ದಾಗಿತ್ತು. ಮತಪೆಟ್ಟಿಗೆಗಳು ಹಲವೆಡೆ ಆಗಲೂ ಇದ್ದವು, ಅವುಗಳ ಮೇಲಿನ ಆಕ್ರೋಶ ಮಾತ್ರ ತಣ್ಣಗಾಗಿತ್ತು.

ನಷ್ಟ ಒಂದು ಕುಟುಂಬದ್ದಷ್ಟೇ ಅಲ್ಲ. 2022ರ ಅಕ್ಟೋಬರಿನಲ್ಲಿ ಅರಿಜೋನಾದ ಮೇಸಾ ಪಟ್ಟಣದ ಮತಪೆಟ್ಟಿಗೆಯ ಬಳಿ ಮುಖ ಮುಚ್ಚಿಕೊಂಡ, ಆಯುಧ ಧರಿಸಿದ ‘ಕಾವಲುಗಾರರು’ ನಿಂತರು. ಹೇಸರಗತ್ತೆಗಳನ್ನು ಹಿಡಿಯುವುದು ಅಂಥವರ ಘೋಷಿತ ಉದ್ದೇಶ. ಮತ ಹಾಕಲು ಬಂದವರ ಚಿತ್ರ ತೆಗೆದರು, ವಾಹನ ಸಂಖ್ಯೆ ಬರೆದುಕೊಂಡರು. ನವೆಂಬರ್ 1ರಂದು ಫೆಡರಲ್ ನ್ಯಾಯಾಧೀಶರು ಆದೇಶ ಹೊರಡಿಸಿ ಇವರನ್ನು ದೂರ ಸರಿಸಬೇಕಾಯಿತು. ಚುನಾವಣೆಯನ್ನು ರಕ್ಷಿಸುವ ಹೆಸರಿನಲ್ಲಿ ಮತದಾರನನ್ನೇ ಬೆದರಿಸುವ ಸ್ಥಿತಿ ಅದು.

ಹಾಗಾದರೆ ಚುನಾವಣೆಯನ್ನು ಯಾರೂ ಸಂಶಯಿಸಬಾರದೇ ಎಂಬ ಪ್ರಶ್ನೆಯನ್ನು ಕರ್ನಾಟಕದ ಓದುಗರು ಕೇಳಿಯೇ ಕೇಳುತ್ತಾರೆ, ಕೇಳಬೇಕು. ಅದಕ್ಕೆ ಉತ್ತರ ಕಲಬುರಗಿ ಜಿಲ್ಲೆಯ ಆಳಂದದಲ್ಲಿದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆದುಹಾಕಲು 6,018 ಅರ್ಜಿಗಳು ಆನ್‌ಲೈನ್ ಮೂಲಕ ಬಂದವು. ಇಲ್ಲಿ ಯಾರೂ ಫೋನುಗಳ ಸುಳಿದಾಟವನ್ನು ಗುಣಿಸಲಿಲ್ಲ. ಸಿಬ್ಬಂದಿ ಅರ್ಜಿಗಳನ್ನು ಒಂದೊಂದಾಗಿ ಹಿಡಿದು ಪರಿಶೀಲಿಸಿದರು. ಸರಿಯಾದ ಅರ್ಜಿಗಳು 24 ಮಾತ್ರ, ಉಳಿದ 5,994 ತಪ್ಪು. ಅಳಿಸಬೇಕಾಗಿದ್ದ ಆ ಹೆಸರುಗಳು ಪಟ್ಟಿಯಲ್ಲೇ ಉಳಿದವು, ಪೊಲೀಸ್ ಪ್ರಕರಣ ದಾಖಲಾಯಿತು, 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ಯಾವ ಪಕ್ಷಕ್ಕೆ ಲಾಭ, ಯಾವುದಕ್ಕೆ ನಷ್ಟ ಎಂಬ ಕೂಗಾಟದ ನಡುವೆಯೂ ಒಂದು ಮಾತು ಸ್ಪಷ್ಟ: ಆಳಂದದ ಸಂಶಯಕ್ಕೆ ಹೆಸರು, ವಿಳಾಸ, ಅರ್ಜಿ ಸಂಖ್ಯೆ ಇದ್ದವು. ತಪ್ಪಾಗಿದ್ದರೆ ತಪ್ಪೆಂದು ಹೇಳಲು ಅದರಲ್ಲಿ ದಾರಿಯಿತ್ತು. ಡಿಸೋಜಾ ಅವರ ಚಿತ್ರದಲ್ಲಿ ಅಂಥ ದಾರಿಯನ್ನು ಇಟ್ಟಿರಲಿಲ್ಲ.

ಪರಿಸರ ಚಳವಳಿಗೆ ಇದು ಪರದೇಶದ ಸುದ್ದಿಯಲ್ಲ. ಗಣಿಯ ಧೂಳನ್ನೂ ಅಣೆಕಟ್ಟಿನಲ್ಲಿ ಮುಳುಗುವ ಕಾಡನ್ನೂ ಹಳ್ಳಿಯ ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದ ಚಳವಳಿ ಇದು. ಉಪಗ್ರಹ ಚಿತ್ರ, ನಕ್ಷೆ, ಅಂಕಿ-ಅಂಶಗಳೇ ಅದರ ಆಯುಧ. ಆದರೆ ಪ್ರತಿ ಮಳೆಗಾಲದಲ್ಲಿ ಎಲ್ಲಿಯದೋ ಗುಡ್ಡ ಕುಸಿತದ ಚಿತ್ರ ಪಶ್ಚಿಮ ಘಟ್ಟದ್ದೆಂಬ ಒಕ್ಕಣೆ ಹೊತ್ತು ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತದೆ, ಅದನ್ನು ಮುಂದಕ್ಕೆ ತಳ್ಳುವವರಲ್ಲಿ ಕಾಡಿನ ಮೇಲೆ ನಿಜವಾದ ಪ್ರೀತಿ ಇರುವವರೂ ಇದ್ದಾರೆ. ಉದ್ದೇಶ ಒಳ್ಳೆಯದು ಎಂಬ ಸಮಾಧಾನ ಅವರಿಗೆ. ಅಟ್ಲಾಂಟಾದ ಜಾಗದಲ್ಲಿ ಮಾಸ್ಕೋ ಇಟ್ಟವರಿಗೂ ಬಹುಶಃ ಅದೇ ಸಮಾಧಾನವಿದ್ದೀತು. ಮುಂದೊಂದು ದಿನ ಗಣಿ ಕಂಪನಿಯ ವಕೀಲ ಆ ಒಂದು ಚಿತ್ರವನ್ನು ನ್ಯಾಯಾಧೀಶರ ಮುಂದಿಟ್ಟು, ಅರ್ಜಿದಾರರ ಉಳಿದ ದಾಖಲೆಗಳೂ ಇಂಥವೇ ಎಂದು ವಾದಿಸಿದರೆ, ಹತ್ತು ವರ್ಷ ಹಳ್ಳದ ನೀರನ್ನು ತಿಂಗಳು ತಿಂಗಳು ಅಳೆದು ಬರೆದಿಟ್ಟವರ ಪುಸ್ತಕವನ್ನೂ ಯಾರೂ ತೆರೆದು ನೋಡಲಾರರು.